ಎಣ್ಣೆ ಕ್ಯಾನಿನಲ್ಲಿ ಸಮುದ್ರ

ಪರ್ಕಳದ ನಮ್ಮ ಮನೆಯಿಂದ ಒಂದು ಕ್ಯಾನ್ ಕಾಣೆಯಾಗಿ ಮೂರು ವಾರವಾಯಿತು. ಹತ್ತು ಲೀಟರಿನ, ಹಳದಿ ಬಣ್ಣದ, ಒಂದು ಕಾಲದಲ್ಲಿ ತೆಂಗಿನೆಣ್ಣೆ ತುಂಬಿಕೊಂಡು ಬಂದಿದ್ದ ಸಾಧಾರಣ ಪ್ಲಾಸ್ಟಿಕ್ ಕ್ಯಾನ್. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಅದರಲ್ಲಿ ಅಂಗಳದ ಮಲ್ಲಿಗೆ ಗಿಡಗಳಿಗೆ ನೀರು ಹೊರುತ್ತಿದ್ದರು. ಈಗ ಚೊಂಬಿನಲ್ಲಿ ಹೊರುತ್ತಾರೆ. ಒಂದೊಂದು ಚೊಂಬಿಗೂ ಒಮ್ಮೆ "ಆ ಕ್ಯಾನ್ ಎಲ್ಲಿ ಹೋಯ್ತು ಮಾರಾಯ್ತಿ?" ಎನ್ನುತ್ತಾರೆ. ಬಾವಿಯ ಹಿಂದೆ ನೋಡಿದರು, ಕಟ್ಟಿಗೆ ರಾಶಿ ಕೆದಕಿದರು, ಕೊನೆಗೆ ನೆರೆಮನೆಯವರ ಕಾಂಪೌಂಡಿನೊಳಗೂ ಇಣುಕಿದರು. ಅದು ಎಲ್ಲಿದೆಯೆಂದು ನನಗೆ ಗೊತ್ತು. ಹೇಳಿಲ್ಲ. ಹೇಳಿದರೆ ತರಲು ಹೊರಡುತ್ತಾರೆ, ಅವರ ಸ್ವಭಾವ ನನಗೆ ಗೊತ್ತಿಲ್ಲವೇ?

ನಿಮಗೆ ಹೇಳಬಹುದು. ಆದರೆ ಕ್ಯಾನಿನ ಕಥೆ ಹೇಳಬೇಕಾದರೆ ಮೊದಲು ವಾಸು ಮಾವನ ಕಥೆ ಹೇಳಬೇಕು. ಅದರಲ್ಲಿ ನನ್ನ ಮರ್ಯಾದೆಯೂ ಸ್ವಲ್ಪ ಹೋಗುತ್ತದೆ.

ವಾಸು ಮಾವ ನನ್ನ ಅಮ್ಮನ ತಮ್ಮ. ಮದುವೆಯಾಗಲಿಲ್ಲ. ಕಾಪುವಿನಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ ನನ್ನ ತವರುಮನೆಯಲ್ಲಿ ಅಮ್ಮ, ನನ್ನ ತಂಗಿಯ ಸಂಸಾರ ಮತ್ತು ಅವರು ಒಟ್ಟಿಗೆ ಇದ್ದಾರೆ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ನಿಮಗಾಗಿ ಎಲ್ಲರ ಬಾಯಲ್ಲೂ ಕನ್ನಡ ಇಟ್ಟಿದ್ದೇನೆ. ಮಾವ ಮೂವತ್ತೊಂದು ವರ್ಷ ಮೀನಿನ ಬೋಟಿಗೆ ಹೋದವರು. ಆದರೆ ಬಲೆ ಎಳೆದವರಲ್ಲ, ಚುಕ್ಕಾಣಿ ಹಿಡಿದವರೂ ಅಲ್ಲ. ಅವರು ಬೋಟಿನ ಅಡುಗೆಯವರು. ಮೂವತ್ತು ಜನ ಹೋಗುವ ದೊಡ್ಡ ಬೋಟು. ಅಷ್ಟು ಜನರಿಗೆ ಅನ್ನ, ಮೀನು ಪುಳಿಮುಂಚಿ, ದಿನಕ್ಕೆ ಎರಡು ಹೊತ್ತು. ಪುಳಿಮುಂಚಿಯೆಂದರೆ ಹುಣಸೆಹುಳಿ, ಮೆಣಸು ಅರೆದು ಹಾಕಿ ಕುದಿಸುವ ಕೆಂಪನೆಯ ಸಾರು. ನಮ್ಮ ಕಡೆ ಅದಿಲ್ಲದೆ ಊಟವೆಂದರೆ ಊಟವಲ್ಲ.

ಮಾವನಿಗೆ ಮೂವತ್ತು ಜನರಿಗಿಂತ ಕಡಿಮೆ ಅಡುಗೆ ಮಾಡಲು ಬರುತ್ತಿರಲಿಲ್ಲ. ನಾವು ಚಿಕ್ಕವರಿದ್ದಾಗ, ಮಳೆಗಾಲಕ್ಕೆ ಮುಂಚೆ ಬೋಟು ದಡ ಸೇರಿದಾಗ, ಒಂದು ದಿನ ಅವರದೇ ಔತಣ. ಮನೆಯ ಹಿಂದೆ ತೆಂಗಿನ ಮರಗಳ ಕೆಳಗೆ ಮೂರು ಕಲ್ಲು ಹೂಡಿ, ಬೋಟಿನಿಂದ ತಂದ ಮಸಿ ಹಿಡಿದ ಪಾತ್ರೆ ಇಡುತ್ತಿದ್ದರು. ರಜೆಗೆ ಬಂದವರೂ ಸೇರಿ ನಾವು ಮಕ್ಕಳು ಹನ್ನೆರಡೋ ಹದಿಮೂರೋ. ಅಡುಗೆ ಮಾತ್ರ ಮೂವತ್ತು ಜನರದು. ಉಳಿದದ್ದನ್ನು ಅಮ್ಮ ಬಟ್ಟಲುಗಳಲ್ಲಿ ನಮ್ಮ ಕೈಗೆ ಕೊಟ್ಟು ಸಾಲುಮನೆಗಳಿಗೆಲ್ಲ ಕಳಿಸುತ್ತಿದ್ದಳು. ದಾರಿಯಲ್ಲಿ ಬಟ್ಟಲಿಗೆ ಬೆರಳು ಅದ್ದಿ ನೆಕ್ಕುವುದು ನನ್ನ ಪಾಲಿನ ಕೂಲಿ. ಒಮ್ಮೆ ಮೂರು ಮನೆಯ ಬಟ್ಟಲುಗಳಿಗೂ ಅದ್ದಿ, ಅದೇ ಬೆರಳಿನಿಂದ ಕಣ್ಣುಜ್ಜಿಕೊಂಡು, ದಾರಿಯ ಮಧ್ಯೆ ನಿಂತು ಬೊಬ್ಬೆ ಹೊಡೆದದ್ದನ್ನು ನನ್ನ ತಂಗಿ ಇವತ್ತಿಗೂ ಎಲ್ಲರಿಗೂ ಹೇಳುತ್ತಾಳೆ.

ಆ ಔತಣದ ದಿನ ಮಾವನ ಪಕ್ಕದಲ್ಲಿ ಒಂದು ಕಪ್ಪು ಕ್ಯಾನ್ ಇರುತ್ತಿತ್ತು. ಅದನ್ನು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ನಾನು ಅದರಲ್ಲಿ ಡೀಸೆಲ್ ಇದೆಯೆಂದು ತಿಳಿದಿದ್ದೆ. ಡೀಸೆಲ್ ಹಾಕಿಯೇ ಸಾರಿಗೆ ಆ ರುಚಿ ಬರುತ್ತದೆಂದು ಶಾಲೆಯಲ್ಲಿ ಗೆಳತಿಯರಿಗೆ ಹೇಳಿಯೂ ಇದ್ದೆ. ನಂಬಿದರು, ಪಾಪ.

ಈಗ ನನ್ನ ಮರ್ಯಾದೆಯ ಭಾಗಕ್ಕೆ ಬರುತ್ತೇನೆ. ಮೊಣಕಾಲು ನೋವಿನಿಂದ ಮಾವ ಎರಡು ವರ್ಷದ ಹಿಂದೆ ಬೋಟು ಬಿಟ್ಟರು. ಮನೆಯಲ್ಲಿ ಕೂತು ನಾಲ್ಕು ತಿಂಗಳಾಗಿರಬಹುದು, ತಂಗಿಯ ಮಗಳ ಹುಟ್ಟುಹಬ್ಬ ಬಂತು. "ಪುಳಿಮುಂಚಿ ನಾನು ಮಾಡ್ತೇನೆ" ಎಂದು ಎದ್ದರು. ನಮಗೆಲ್ಲ ಖುಷಿಯೋ ಖುಷಿ. ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟರೆ ನಾಲಗೆ ಸುಟ್ಟುಹೋಗುವಷ್ಟು ಉಪ್ಪು. ಬೀಗರ ಕಡೆಯವರು ಮುಖ ಮುಖ ನೋಡಿಕೊಂಡರು. ಸುಮ್ಮನಿರಬಹುದಿತ್ತು. ಆದರೆ ನಾನು, ನಾಲ್ಕು ಜನ ಸೇರಿದಲ್ಲಿ ನಗಿಸದಿದ್ದರೆ ಉಂಡದ್ದು ಅರಗದ ಹೆಂಗಸು, "ಮಾವ, ಬೋಟಿನವರು ಮೂವತ್ತೊಂದು ವರ್ಷ ಇದನ್ನೇ ತಿಂದರಾ? ಮತ್ತೆ ಅವರು ಸಮುದ್ರಕ್ಕೆ ಹಾರದೆ ಹೇಗೆ ಉಳಿದರು?" ಎಂದುಬಿಟ್ಟೆ. ಎಲ್ಲರೂ ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಮಾವನೂ ನಕ್ಕರು. ಆಮೇಲೆ ಎದ್ದು ಕೈ ತೊಳೆಯಲು ಹೋದವರು ಪಂಕ್ತಿಗೆ ಮರಳಿ ಬರಲಿಲ್ಲ.

ಅವತ್ತಿನಿಂದ ಅವರು ಅಡುಗೆಮನೆಗೆ ಕಾಲಿಡುವುದನ್ನು ಬಿಟ್ಟರು. ಹಿಂದಿನ ಜಗಲಿಯಲ್ಲಿ ಸಮುದ್ರ ನೋಡುತ್ತ ಕೂರುತ್ತಿದ್ದವರು ಮುಂದಿನ ಜಗಲಿಗೆ ಬಂದು ರಸ್ತೆ ನೋಡುತ್ತ ಕೂತರು. ನನಗೆ ಇದು ಗೊತ್ತೇ ಇರಲಿಲ್ಲ. ನಾನು ಆ ಉಪ್ಪಿನ ಕಥೆಯನ್ನು ಮಣಿಪಾಲದಲ್ಲಿ ನನ್ನ ಕಚೇರಿಯವರಿಗೆಲ್ಲ ಹೇಳಿ ನಗಿಸಿ ಮುಗಿಸಿದ್ದೆ. ಪ್ರಯೋಗಾಲಯದಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವುದು ನನ್ನ ಉದ್ಯೋಗ. ಅಂಟಿಸುತ್ತ ಕಥೆ ಹೇಳುವುದು ಅದಕ್ಕಿಂತ ದೊಡ್ಡ ಉದ್ಯೋಗ.

ಈ ಮಾರ್ಚಿನಲ್ಲಿ ಒಂದು ದಿನ ಅಮ್ಮ ಫೋನಿನಲ್ಲಿ ಹೇಳಿದಳು: "ನಿನ್ನೆ ಅವನ ಹತ್ರ ಕೇಳಿಯೇ ಬಿಟ್ಟೆ. ಅವತ್ತು ನಿನ್ನ ಕೈ ಹೇಗೆ ತಪ್ಪಿತು ಮಾರಾಯ ಅಂತ. ಎಂತ ಹೇಳಿದ ಗೊತ್ತುಂಟಾ? 'ಅಕ್ಕಾ, ನಾನು ಜೀವಮಾನದಲ್ಲಿ ಕೈಯಲ್ಲಿ ಉಪ್ಪು ಹಾಕಿದವನೇ ಅಲ್ಲ' ಅಂದ."

ಬೋಟಿನಲ್ಲಿ ಸಿಹಿನೀರು ಎಣಿಸಿ ಎಣಿಸಿ ಬಳಸಬೇಕು. ಮೀನಿನ ಸಾರಿಗೆ ಮೂರು ಪಾಲು ಸಿಹಿನೀರು ಹಾಕಿದರೆ ಒಂದು ಪಾಲು ಸಮುದ್ರದ್ದು. ಅದೇ ನೀರು, ಅದೇ ಉಪ್ಪು. ಮಾವನ ಲೆಕ್ಕ ಮಗ್ಗಿನಲ್ಲಿತ್ತು, ಚಮಚದಲ್ಲಲ್ಲ. ದಡದ ಔತಣಕ್ಕೂ ಅವರು ಹೊರಗಿನ, ಎಂದರೆ ಆಳಸಮುದ್ರದ, ನೀರನ್ನೇ ಆ ಕಪ್ಪು ಕ್ಯಾನಿನಲ್ಲಿ ಹೊತ್ತು ತರುತ್ತಿದ್ದರು. ನನ್ನ ಬಾಲ್ಯದ ಡೀಸೆಲ್ ಅದು! ಹುಟ್ಟುಹಬ್ಬದ ದಿನ ತಂಗಿ ಅವರ ಕೈಗೆ ಪುಡಿಯುಪ್ಪಿನ ಪ್ಯಾಕೆಟ್ ಕೊಟ್ಟಿದ್ದಳು. ಅವರು ಎಷ್ಟು ಹಾಕುವುದೆಂದು ಕೇಳಲಿಲ್ಲ. ಮೂವತ್ತೊಂದು ವರ್ಷ ಅಡುಗೆ ಮಾಡಿದವನು ಉಪ್ಪು ಎಷ್ಟೆಂದು ಹೇಗೆ ಕೇಳುತ್ತಾನೆ ಹೇಳಿ.

ಅವತ್ತು ನಾನು ಸೀಸೆಗಳಿಗೆಲ್ಲ ತಲೆಕೆಳಗಾಗಿ ಚೀಟಿ ಅಂಟಿಸಿದೆ. ಅಷ್ಟು ನಾಚಿಕೆಯಾಗಿತ್ತು.

ನಮ್ಮವರು ಇದೇ ಸಮಯಕ್ಕೆ ಒಂದು ಬಾರ್ಬೆಕ್ಯೂ ಒಲೆ ತರಿಸಿದ್ದರು. ಅವರು ಕಾರ್ಕಳದ ಬಂಡೆಗಳ ನಡುವೆ ಹುಟ್ಟಿ ಬೆಳೆದವರು. ಸಮುದ್ರವನ್ನು ಕಂಡರೆ ಹತ್ತು ಹೆಜ್ಜೆ ದೂರ, ಮೀನನ್ನು ಕಂಡರೆ ಹತ್ತು ಹೆಜ್ಜೆ ಹತ್ತಿರ. ಮೊಬೈಲಿನಲ್ಲಿ ಯಾರೋ ಹುಲ್ಲುಹಾಸಿನ ಮೇಲೆ ಮೀನು ಸುಡುವುದನ್ನು ನೋಡಿ, "ಮೇ ತಿಂಗಳಲ್ಲಿ ನಮ್ಮ ಅಂಗಳದಲ್ಲೇ ಮಾಡುವ, ನಾಲ್ಕು ಜನರನ್ನು ಕರೆಯುವ" ಎಂದರು. ನಾನು "ನಾಲ್ಕಲ್ಲ, ಮೂವತ್ತು" ಎಂದೆ. ಅವರು ಹೌಹಾರಿದರು.

ಮೂವತ್ತು ಜನರನ್ನು ಕೂಡಿಸುವುದು ಅಷ್ಟು ಸುಲಭವಲ್ಲ. ಕಾಪುವಿನಿಂದ ಅಮ್ಮ, ಮಾವ, ತಂಗಿಯ ಸಂಸಾರ. ಕಾರ್ಕಳದಿಂದ ನಾದಿನಿಯ ಕುಟುಂಬ. ನನ್ನ ಕಚೇರಿಯವರು, ಅವರ ಮನೆಯವರು. ಇಷ್ಟೆಲ್ಲ ಆದರೂ ಇಪ್ಪತ್ತೆಂಟು. ಕೊನೆಗೆ ನಮ್ಮ ಮನೆಯ ಹಿಂಬದಿಯ ಬಾಡಿಗೆ ಕೋಣೆಯಲ್ಲಿರುವ ಶಾಂತವ್ವ ಮತ್ತು ಅವಳ ಗಂಡನನ್ನು ಕರೆದೆ. ಗದಗದ ಕಡೆಯವರು. ಗಂಡ ಗಾರೆ ಕೆಲಸ, ಅವಳು ಎರಡು ಮನೆಗಳಲ್ಲಿ ಅಡುಗೆ. "ಬರ್ತೀವ್ರಿ ಅಕ್ಕಾರ, ರೊಟ್ಟಿ ನಾ ತರ್ತೀನಿ" ಎಂದಳು. ಮೂವತ್ತು ಭರ್ತಿಯಾಯಿತು.

ಔತಣದ ಹಿಂದಿನ ದಿನ, ಶನಿವಾರ, ನಾನು ಹಳದಿ ಕ್ಯಾನ್ ಹಿಡಿದು ಕಾಪುವಿಗೆ ಹೋದೆ. ಅಮ್ಮನ ಮನೆಗೆ ಹೋಗದೆ ನೇರ ದೀಪಸ್ತಂಭದ ಹತ್ತಿರ ಇಳಿದು, ಸೀರೆ ಎತ್ತಿಕಟ್ಟಿ, ಬಂಡೆಯ ಪಕ್ಕ ಕ್ಯಾನ್ ಮುಳುಗಿಸಿದೆ. ಎರಡನೆಯ ಅಲೆ ನನ್ನನ್ನೂ ಸ್ವಲ್ಪ ಮುಳುಗಿಸಿತು. ಸೆಲ್ಫಿ ತೆಗೆಯುತ್ತಿದ್ದ ಹುಡುಗಿಯೊಬ್ಬಳು "ಪೂಜೆಗಾ ಆಂಟಿ?" ಎಂದು ಕೇಳಿದಳು. ಹೌದೆಂದೆ. ಒದ್ದೆ ಸೀರೆಯಲ್ಲಿ ಬಸ್ಸು ಹತ್ತಿದರೆ ಕಂಡಕ್ಟರನಿಗೆ ಅನುಮಾನ.

"ಎಂತ ಅಕ್ಕ ಅದು, ಎಣ್ಣೆಯಾ? ಬಸ್ಸಲ್ಲಿ ಚೆಲ್ಲುದು ಬೇಡ."

"ಸಮುದ್ರದ ನೀರು."

"ಎಲ್ಲಿಗೆ?"

"ಪರ್ಕಳಕ್ಕೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಟಿಕೆಟ್ ಹರಿದು ಕೊಟ್ಟು, ಉಡುಪಿ ಬರುವವರೆಗೆ ನನ್ನ ಸೀಟಿನ ಕಡೆ ಸುಳಿಯಲಿಲ್ಲ.

ಭಾನುವಾರ ಹತ್ತು ಗಂಟೆಗೆ ಕಾಪುವಿನ ಗಾಡಿ ಬಂತು. ಮಾವನಿಗೆ ಊಟಕ್ಕೆಂದಷ್ಟೇ ಹೇಳಿದ್ದೆವು. ಮಾವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆ. ಸ್ವಲ್ಪ ದೂರದಲ್ಲಿ ಮೂರು ಕಲ್ಲಿನ ಒಲೆ, ದೊಡ್ಡ ಪಾತ್ರೆ, ತೊಳೆದಿಟ್ಟ ಬಂಗುಡೆ, ಅಮ್ಮ ಅರೆದು ತಂದ ಮಸಾಲೆ, ಪಕ್ಕದಲ್ಲಿ ನನ್ನ ಕ್ಯಾನ್. ಅವರು ಅದನ್ನು ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡು, ಎದ್ದು ಸೌಟು ಹಿಡಿಯುತ್ತಾರೆ ಎಂದು ನಾನು ಮನಸ್ಸಿನಲ್ಲೇ ನಾಟಕ ಬರೆದುಕೊಂಡಿದ್ದೆ.

"ಇದೆಂತ?" ಎಂದರು.

"ನಿಮ್ಮ ನೀರು ಮಾವ. ನಾನೇ ತಂದದ್ದು. ಇವತ್ತು ನೀವು ಮಾಡ್ಬೇಕು."

ಅವರು ಎದ್ದು ಬಂದು ಮುಚ್ಚಳ ತೆಗೆದರು. ಬೆರಳು ಅದ್ದಿ ನಾಲಗೆಗೆ ಇಟ್ಟು, ಪಕ್ಕಕ್ಕೆ ಉಗುಳಿದರು. "ದಡದ ನೀರು. ಇದರಲ್ಲಿ ಯಾರಾದ್ರೂ ಅಡುಗೆ ಮಾಡ್ತಾರಾ?" ಎಂದರು. ಮುಚ್ಚಳ ಹಾಕಿ ಕುರ್ಚಿಗೆ ಹೋಗಿ ಕೂತುಬಿಟ್ಟರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು. ಒಮ್ಮೆ ಬೀಗರ ಮುಂದೆ, ಈಗ ಅಂಗಳ ತುಂಬ ಜನರ ಮುಂದೆ, ಎರಡು ಸಲ ಅವರನ್ನು ನಾನೇ ಸಣ್ಣವರನ್ನಾಗಿ ಮಾಡಿದ್ದೆ.

ಆ ಕಡೆ ನಮ್ಮವರ ಬಾರ್ಬೆಕ್ಯೂ ಬೇರೆಯೇ ಕಥೆ. ಬಂಗುಡೆಗಳು ಸರಳಿಗೆ ಅಂಟಿಕೊಂಡು, ತಿರುಗಿಸಲು ಹೋದರೆ ತಲೆ ಒಂದು ಕಡೆ, ಬಾಲ ಒಂದು ಕಡೆ. ಇಡಿಯಾಗಿ ಕೆಂಡಕ್ಕೆ ಬಿದ್ದವನ್ನು ಅವರು ಇಕ್ಕಳದಲ್ಲಿ ಹುಡುಕುತ್ತಿದ್ದರು. ಮಾವ ಒಂದೇ ಒಂದು ಸಲ ಆ ಕಡೆ ನೋಡಿ ಕಣ್ಣು ಮುಚ್ಚಿಕೊಂಡರು. ಅಮ್ಮ ಒಲೆಯ ಮೇಲಿನ ಪಾತ್ರೆಗೆ ಮಸಾಲೆ, ಹುಳಿ, ನೀರು ಬಿಟ್ಟು ಕುದಿಸತೊಡಗಿದಳು. ನನ್ನತ್ತ ತಿರುಗಿ, "ಉಪ್ಪು ನಾನೇ ಹಾಕ್ತೇನೆ ಮಗಾ, ಇನ್ನು ಕಾದು ಪ್ರಯೋಜನ ಇಲ್ಲ" ಎಂದು ಮೆಲ್ಲಗೆ ಹೇಳಿದಳು. ಒಳಗಿನಿಂದ ಕಲ್ಲುಪ್ಪಿನ ಭರಣಿ ತಂದು ಕೊಟ್ಟೆ.

ಅಷ್ಟರಲ್ಲಿ ಶಾಂತವ್ವ ಜೋಳದ ರೊಟ್ಟಿಯ ಗಂಟು ಹೊತ್ತು ಬಂದಳು. ಕ್ಯಾನ್ ಏಕಿದೆಯೆಂದು ಕೇಳಿದಳು. ಹೇಳಿದೆ.

"ಖರೇನ ಸಮುದ್ರದ ನೀರೇನ್ರಿ ಇದು?" ಅವಳ ಕಣ್ಣುಗಳು ದೊಡ್ಡವಾದವು. "ನಾಕ ವರ್ಷಾತ್ರಿ ಈ ಕಡೆ ಬಂದು. ಒಮ್ಮೆನೂ ಹೋಗಿ ನೋಡಿಲ್ರಿ. ಐತವಾರಾನೂ ಒಂದಿಲ್ಲೊಂದ ಕೆಲಸ ಇರ್ತೈತಿ."

ಅಂಗೈಯಲ್ಲಿ ಸ್ವಲ್ಪ ಸುರಿದುಕೊಂಡು, ತೀರ್ಥ ತೆಗೆದುಕೊಳ್ಳುವವಳಂತೆ ನಾಲಗೆಗೆ ತಾಗಿಸಿದಳು. "ಅಯ್ಯ ನಮ್ಮವ್ವ, ಭಾಳ ಉಪ್ಪೈತ್ರಿ!"

ಕುರ್ಚಿಯಿಂದ ಮಾವನ ಧ್ವನಿ ಬಂತು. "ಅದೆಲ್ಲ ಎಂತ ಉಪ್ಪು! ಅದು ಬರೀ ದಡ. ಸಮುದ್ರ ಬೇಕಾದ್ರೆ ಹೊರಗೆ ಹೋಗ್ಬೇಕು."

"ಅಲ್ಲಿ ಇನ್ನೂ ಉಪ್ಪಿರ್ತೈತೇನ್ರಿ ಕಾಕಾರ? ಎಷ್ಟಿರ್ತೈತ್ರಿ?"

ಇಷ್ಟು ವರ್ಷದಲ್ಲಿ ಮಾವನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾವೆಲ್ಲ ಸಮುದ್ರದ ಹಿತ್ತಿಲಲ್ಲೇ ಹುಟ್ಟಿದವರು, ಕೇಳುವುದೇನಿದೆ? ಅವರು ಮೊಣಕಾಲು ಹಿಡಿದು ಎದ್ದು ನಿಂತು ನನ್ನನ್ನು ಕರೆದರು. "ಪುಷ್ಪಾ, ಒಂದು ಬಾಲ್ದಿ ಬಾವಿನೀರು ತಾ. ಆ ಉಪ್ಪಿನ ಭರಣಿಯೂ ಇಲ್ಲಿ ಕೊಡು."

ಬಾಲ್ದಿಗೆ ಎರಡು ಹಿಡಿ ಕಲ್ಲುಪ್ಪು ಬಿತ್ತು. ಮೊಳಕೈವರೆಗೆ ಕೈ ಇಳಿಸಿ ಕಲಕಿದರು. ನೆಕ್ಕಿ ನೋಡಿದರು. "ಇದು ಅವಳು ತಂದದ್ದು, ದಡ" ಎಂದು ಶಾಂತವ್ವನಿಗೆ ತೋರಿಸಿದರು. ಇನ್ನೊಂದು ಹಿಡಿ. "ಇದು ಹತ್ತು ಮಾರು ಆಳದಲ್ಲಿ." ಅವಳು ಬೆರಳು ಅದ್ದಿದಳು, ತಲೆಯಾಡಿಸಿದಳು. ಮತ್ತೆ ಅರ್ಧ ಹಿಡಿ. ಮತ್ತೆ ಒಂದು ಚಿಟಿಕೆ. ಹಾಗೆ ನೋಡಿದರೆ ದಡದ ನೀರಿಗೂ ಹೊರಗಿನ ನೀರಿಗೂ ಅಂಥ ವ್ಯತ್ಯಾಸವೇನೂ ಇಲ್ಲವೆಂದು ನನ್ನ ಪ್ರಯೋಗಾಲಯದವರು ಹೇಳಿಯಾರು. ಅವರಲ್ಲಿ ಮೂವರು ಅಲ್ಲೇ ನಿಂತಿದ್ದರು. ನಾನು ಕಣ್ಣಲ್ಲೇ ಗದರಿಸಿ ಸುಮ್ಮನಿರಿಸಿದೆ. ಅಂಗಳದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಾಲ್ದಿಯ ಸುತ್ತ ಬಂದು ಸೇರಿದರು. ಮಾವ ಯಾರನ್ನೂ ಗಮನಿಸಲಿಲ್ಲ. ಮತ್ತೊಂದು ಚಿಟಿಕೆ ಹಾಕಿ, ಕಲಕಿ, ಬೆರಳನ್ನು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿದರು.

"ಇದು," ಎಂದರು. "ಇಪ್ಪತ್ತೈದು ಮಾರು. ಇಲ್ಲಿಂದ ದಡ ಕಾಣುದಿಲ್ಲ."

ಶಾಂತವ್ವ ರುಚಿ ನೋಡಿ ಮುಖ ಹಿಂಡಿದಳು. "ಇಷ್ಟ ಉಪ್ಪಿನ್ಯಾಗ ಆ ಮೀನ ಹೆಂಗ ಬದುಕ್ತಾವ್ರಿ, ಪಾಪ!"

ಮಾವ ನಕ್ಕರು. ಹುಟ್ಟುಹಬ್ಬದ ದಿನ ನಕ್ಕಂಥ ನಗೆಯಲ್ಲ. ಹೊಟ್ಟೆ ಕುಲುಕುವ ಹಾಗೆ, ಕೆಮ್ಮು ಬರುವ ಹಾಗೆ ನಕ್ಕರು. ನಗುತ್ತಲೇ ಒಲೆಯ ಕಡೆ ತಿರುಗಿ ನೋಡಿದರು. ಪಾತ್ರೆ ಕುದಿಯುತ್ತಿತ್ತು.

"ಉಪ್ಪು ಹಾಕಿದ್ದೀಯಾ ಅಕ್ಕಾ?"

"ಇಲ್ಲ. ಭರಣಿ ನಿನ್ನ ಹತ್ರವೇ ಉಂಟಲ್ವಾ?"

"ಎಷ್ಟು ಜನ?"

"ಮೂವತ್ತು" ಎಂದು ನಾನು ಹೇಳಿದೆ.

"ಹಾಗೆ ಹೇಳು ಮತ್ತೆ." ಮಗ್ಗಿಗೆ ಕೈ ಚಾಚಿದರು. ಬಾಲ್ದಿಯಿಂದ ಒಂದು ಮಗ್ಗು, ಎರಡು, ಮೂರು, ಹೀಗೆ ಎಣಿಸಿ ಸುರಿದರು. ಕೊನೆಯ ಮಗ್ಗನ್ನು ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಬಾಲ್ದಿಗೇ ಬಿಟ್ಟರು. ಕೈ ಒಮ್ಮೆಯೂ ಅನುಮಾನಿಸಲಿಲ್ಲ. ಬಂಗುಡೆ ಇಳಿಸಿದರು, ಸೌಟು ತಾಗಿಸದೆ ಪಾತ್ರೆಯನ್ನೇ ಹಿಡಿದು ಕುಲುಕಿದರು. ನಮ್ಮವರ ಒಲೆಯ ಹತ್ತಿರ ಹೋಗಿ, "ಅಳಿಯಂದಿರೇ, ಸರಳು ಮೊದಲು ಸರಿ ಕಾಯ್ಬೇಕು. ಆಮೇಲೆ ಎಣ್ಣೆ, ಆಮೇಲೆ ಮೀನು. ನೀವು ಅದನ್ನು ತಣ್ಣಗಿನ ಸರಳಲ್ಲಿ ಮಲಗಿಸಿದ್ರೆ ಅದು ಏಳುದುಂಟಾ?" ಎಂದು ಇಕ್ಕಳವನ್ನೂ ಕಿತ್ತುಕೊಂಡರು.

ಊಟಕ್ಕೆ ಬಾಳೆಯೆಲೆ ಹಾಕಿ ನೆಲದಲ್ಲೇ ಕೂತೆವು. ಅಮ್ಮ ಬಡಿಸಿದಳು. ಶಾಂತವ್ವ "ಮೀನ ಬ್ಯಾಡ್ರಿ, ಮುಳ್ಳಿನ ಅಂಜಿಕಿ, ಸಾರಷ್ಟ ಹಾಕ್ರಿ" ಎಂದು ಸಾರಿಗೆ ರೊಟ್ಟಿ ಮುರಿದು ಅದ್ದಿದಳು. ನಾನು ಮೊದಲ ತುತ್ತು ಬಾಯಿಗಿಟ್ಟೆ. ಇದರ ಬಗ್ಗೆ ಹೆಚ್ಚು ಬರೆಯಲಾರೆ. ಬಟ್ಟಲಿಗೆ ಬೆರಳದ್ದಿ ನೆಕ್ಕುತ್ತ ಸಾಲುಮನೆಗಳಿಗೆ ಓಡುತ್ತಿದ್ದ ದಿನಗಳ ರುಚಿ ಅದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮಾವ ಪಂಕ್ತಿಯುದ್ದಕ್ಕೂ ಎಲ್ಲರ ಎಲೆ ನೋಡುತ್ತ ಬಂದು ನನ್ನೆದುರು ನಿಂತರು.

"ಹೇಗುಂಟು?"

"ಮಾವ, ಅವತ್ತು ನಾನು ನಕ್ಕದ್ದು..."

"ಊಟ ಮಾಡು ಮಗಾ. ತಣ್ಣಗಾಗ್ತದೆ."

ಅಷ್ಟೇ ಹೇಳಿ ಮುಂದೆ ಹೋದರು. ನನಗೆ ಖಾರ ನೆತ್ತಿಗೇರಿತೆಂದು ಪಕ್ಕದವರು ನೀರು ಕೊಟ್ಟರು. ಕುಡಿದೆ.

ನಾಲ್ಕು ಗಂಟೆಗೆ ಗಾಡಿ ಹೊರಟಿತು. ನಮ್ಮವರು ಹಿತ್ತಿಲಲ್ಲಿ ಸರಳು ಉಜ್ಜುತ್ತಿದ್ದರು, ಆದ್ದರಿಂದ ಅವರು ನೋಡಲಿಲ್ಲ. ಮಾವ ಹಳದಿ ಕ್ಯಾನಿನಲ್ಲಿದ್ದ ದಡದ ನೀರನ್ನು ಗಿಡಗಳಿಲ್ಲದ ಕಡೆ ರಸ್ತೆಬದಿಗೆ ಚೆಲ್ಲಿದರು. ಬಾಲ್ದಿಯಲ್ಲಿ ಉಳಿದಿದ್ದ ತಮ್ಮ ನೀರನ್ನು ಒಂದು ಹನಿ ಬೀಳದಂತೆ ಅದಕ್ಕೆ ತುಂಬಿಸಿ, ಗಾಡಿ ಹತ್ತಿ, ಕಾಲುಗಳ ನಡುವೆ ಇಟ್ಟುಕೊಂಡರು.

"ಮಾವ, ಪರ್ಕಳದ ಬಾವಿನೀರನ್ನು ಕಾಪುವಿಗೆ ಹೊರುವುದಾ? ಮನೆಯ ಹಿಂದೆಯೇ ಸಮುದ್ರ ಉಂಟಲ್ವಾ?"

"ಅದು ದಡ" ಎಂದರು.

ಮೊನ್ನೆ ಅಮ್ಮನ ಫೋನ್ ಬಂತು. ಮಾವ ವಾರಕ್ಕೆರಡು ದಿನ ಅಡುಗೆಮನೆ ಹಿಡಿದಿದ್ದಾರಂತೆ. ಕ್ಯಾನ್ ಒಲೆಯ ಪಕ್ಕದಲ್ಲೇ ಇದೆ, ಯಾರೂ ಮುಟ್ಟುವಂತಿಲ್ಲ. ಮನೆಯಲ್ಲಿರುವುದು ಆರು ಜನ, ಅಡುಗೆ ಮಾತ್ರ ಹಳೆಯ ಲೆಕ್ಕದ್ದು. ಉಳಿದದ್ದನ್ನು ಮೊಮ್ಮಕ್ಕಳ ಕೈಯಲ್ಲಿ ಸಾಲುಮನೆಗಳಿಗೆ ಕಳಿಸುತ್ತಿದ್ದಾಳೆ ಅಮ್ಮ. "ನೀರು ಮುಗಿದ್ರೆ ಎಂತ ಮಾಡ್ತೀ ಅಂತ ಕೇಳಿದೆ. 'ಮಾಡಿದ್ರಾಯ್ತು, ಅದಕ್ಕೆಂತ' ಅಂದ" ಎಂದಳು. ಆಮೇಲೆ ಹೇಳಿದಳು: "ಭಾನುವಾರ ನೀವಿಬ್ಬರೂ ಬರ್ಬೇಕಂತೆ. ಅವನೇ ಹೇಳ್ಲಿಕ್ಕೆ ಹೇಳಿದ. 'ಪುಷ್ಪನಿಗೆ ಹೇಳು, ಈ ಸಲ ನಗ್ಲಿಕ್ಕೆ ಎಂತದೂ ಸಿಗುದಿಲ್ಲ' ಅಂದ."

ಮಾವ ಇಷ್ಟು ದಿನವೂ ಆ ನಗುವನ್ನು ಮರೆತಿರಲಿಲ್ಲ. ಈಗ ಅದನ್ನು ತಮಾಷೆಯಾಗಿ ನನಗೇ ವಾಪಸು ಕೊಟ್ಟಿದ್ದರು. ನಾನು ಫೋನ್ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಹೊರಗಿನಿಂದ ನಮ್ಮವರು "ಯಾರ ಫೋನ್? ಕ್ಯಾನ್ ಸಿಕ್ಕಿತಾ?" ಎಂದು ಕೂಗಿದರು.

"ಸಿಗ್ಲಿಲ್ಲ" ಎಂದೆ. "ಅದನ್ನು ಬಿಟ್ಟುಬಿಡಿ. ಭಾನುವಾರ ಕಾಪುವಿಗೆ ಹೋಗ್ಲಿಕ್ಕುಂಟು, ಬರುವಾಗ ನಿಮಗೆ ಒಂದು ಹೊಸತು ತರುವ."